ಕದ್ದದ್ದಕ್ಕೆ ಬಟ್ಟಲಿಲ್ಲ

ಅಖ್ತರಬೇಗಂ ಬೈಯದೆ ಮಾತು ಆರಂಭಿಸಿದ್ದನ್ನು ಇಂಡಿ ಊರಿನ ಲಿಂಬೆ ಪೇಟೆಯಲ್ಲಿ ಯಾರೂ ಕಂಡವರಿಲ್ಲ. ಹಣ್ಣಿನ ರಾಶಿಯ ಮುಂದೆ ಕಾಲು ಚಾಚಿ ಕುಳಿತು, ದೊಡ್ಡದನ್ನು ಒಂದು ಕಡೆ, ಸಣ್ಣದನ್ನು ಇನ್ನೊಂದು ಕಡೆ ಎಸೆಯುತ್ತ, ವ್ಯಾಪಾರಿಗಳನ್ನೂ ಹಮಾಲರನ್ನೂ ಮೇಲಿನ ಸೂರ್ಯನನ್ನೂ ಒಂದೇ ಉಸಿರಿನಲ್ಲಿ ಬೈಯುವ ಹೆಂಗಸು ಅವಳು. ವಯಸ್ಸು ಅರವತ್ತು ದಾಟಿತ್ತು. ಮೊಣಕಾಲು ಸವೆದಿದ್ದವು, ನಾಲಿಗೆ ಸವೆದಿರಲಿಲ್ಲ.

ಅವಳ ಮನೆ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ. ಅಲ್ಲಿ ತಂದೆತಾಯಿ ಬೆಳಗಾಗುವ ಮೊದಲೇ ಕೂಲಿಗೆ ಹೊರಡುತ್ತಿದ್ದರು. ಮಕ್ಕಳ ಕೈಗೆ ಒಂದು ಐದರ ನಾಣ್ಯ ಬೀಳುತ್ತಿತ್ತು. ಆ ನಾಣ್ಯ ಮೂಲೆಯ ಅಂಗಡಿಗೆ ಹೋಗಿ ಕೆಂಪು ಖಾರದ ಕುರುಕಲು ತಿಂಡಿಯ ಪಾಕೀಟಾಗುತ್ತಿತ್ತು. ಅರ್ಧ ಗಾಳಿ, ಅರ್ಧ ಎಣ್ಣೆ. ಶಾಲೆ ನಡೆಯುವಾಗ ಮಧ್ಯಾಹ್ನ ಅನ್ನ, ಸಾರು, ತತ್ತಿಯಾದರೂ ಸಿಗುತ್ತಿತ್ತು. ಬೇಸಿಗೆ ರಜೆ ಬಂದಿತೆಂದರೆ ಅದೂ ಇಲ್ಲ.

ಎದುರುಮನೆಯ ಇಂದುಬಾಯಿ ಖಾನಾವಳಿಯೊಂದರಲ್ಲಿ ದಿನವಿಡೀ ರೊಟ್ಟಿ ಬಡಿಯುತ್ತಿದ್ದಳು. ಗಂಡ ಪುಣೆಯಲ್ಲಿ ಗೋಡೆ ಕಟ್ಟುವ ಗೌಂಡಿ. ಊರ ಮಂದಿಯ ಹೊಟ್ಟೆ ತುಂಬಿಸುವ ಆ ಕೈಗೆ ತನ್ನ ಮಗಳು ಶೈಲಶ್ರೀಗೆ ಬಿಸಿ ರೊಟ್ಟಿ ಹಾಕಲು ರಾತ್ರಿಯೇ ಆಗಬೇಕಿತ್ತು. ಆರು ವರ್ಷದ ಹುಡುಗಿ ಆ ರಜೆಯಲ್ಲಿ ಒಂದು ದಿನ ನಳದ ಮುಂದೆ ಕೊಡ ಎತ್ತಲು ಹೋಗಿ, ಕಣ್ಣು ಕತ್ತಲೆಗಟ್ಟಿ ಕುಸಿದು ಕುಳಿತಳು.

ಅಖ್ತರಬೇಗಂ ಆ ದಿನವೇ ಬಟ್ಟಲ ತುಂಬ ಹೆಸರುಕಾಳಿನ ಪಲ್ಯ, ಮೇಲೆರಡು ಕುದಿಸಿದ ತತ್ತಿ ಇಟ್ಟು ಎದುರುಮನೆಗೆ ಒಯ್ದು ಕೊಟ್ಟಳು. ಮರುದಿನ ಬಟ್ಟಲು ಹಿಂದಿರುಗಿತು, ಕಂಠಮಟ್ಟ ಸಕ್ಕರೆ ತುಂಬಿಕೊಂಡು. ಆ ಗಲ್ಲಿಯಲ್ಲಿ ಮನೆಬಾಡಿಗೆ ಬಾಕಿ ಉಳಿಸಬಹುದು, ನೆರೆಮನೆಯ ಬಟ್ಟಲನ್ನು ಬರಿದಾಗಿ ಕೊಡುವಂತಿಲ್ಲ. ಇನ್ನೊಮ್ಮೆ ಕೊಟ್ಟಳು; ಇನ್ನೊಮ್ಮೆ ಸಕ್ಕರೆ ಬಂತು. ಜೊತೆಗೆ ಬಂದ ಶೈಲಶ್ರೀ ಗುಟ್ಟು ಬಿಟ್ಟುಕೊಟ್ಟಳು.

"ಬೂಬವ್ವ, ಇವತ್ತ ನಮ್ಮ ಮನ್ಯಾಗ ಚಾಕ್ಕ ಸಕ್ಕರಿ ಇಲ್ಲ. ಎಲ್ಲಾ ನಿಮ್ಮ ಬಟ್ಟಲದಾಗ ಹೋತು."

ಅಂದು ಅಖ್ತರಬೇಗಂ ಮೊದಲು ಬಟ್ಟಲನ್ನು ಬೈದಳು, ಆಮೇಲೆ ಅದನ್ನು ಮಾಡಿದವನನ್ನು.

"ಹಂಗಾರ ಮಕ್ಕಳನ್ನ ಕರದು ಪುಕ್ಕಟೆ ಹಂಚು," ಎಂದ ಗಂಡ ಬಾಬುಲಾಲ. ಅವನು ತಾಂಬಾ ಮತ್ತು ಇಂಡಿಯ ನಡುವೆ ಟೆಂಪೊ ಓಡಿಸುತ್ತಿದ್ದ.

"ಪುಕ್ಕಟೆ ಅಂದ್ರ ಅವರ ಅವ್ವಗೋಳು ಕಳಸ್ತಾರೇನು? ಕೊಟ್ಟದ್ದು ಬ್ಯಾಡ, ಕದ್ದದ್ದು ರುಚಿ. ನೀವು ಸಣ್ಣವರಿದ್ದಾಗ ಮಂದಿ ತ್ವಾಟದ ಪ್ಯಾರಲಹಣ್ಣ ಕೊಂಡು ತಿಂದೀರೇನು?"

ಬಾಬುಲಾಲ ಮರುದಿನ ತಾಂಬಾದಿಂದ ಒಂದು ಚೀಲ ಶೇಂಗಾ ಹೇರಿಕೊಂಡು ಬಂದ.

ಆಮೇಲಿನ ವ್ಯವಸ್ಥೆ ಹೀಗಿತ್ತು. ಮಧ್ಯಾಹ್ನ ಪೇಟೆಯಿಂದ ಬಂದ ಅಖ್ತರಬೇಗಂ ಕಟ್ಟೆಯ ಮೇಲೆ ಒಂದು ಬುಟ್ಟಿ ಇಡುತ್ತಿದ್ದಳು. ಅದರಲ್ಲಿ ಶೇಂಗಾ ಉಂಡೆ, ಕುದಿಸಿದ ತತ್ತಿ. "ಯಾವ ಭಾಡ್ಯಾ ಈ ಉಂಡಿ, ತತ್ತಿಗೆ ಕೈ ಹಚ್ಚತಾನೋ ಅವನ ಕೈ ಮುರೀತೇನಿ!" ಎಂದು ಗಲ್ಲಿಗೆಲ್ಲ ಕೇಳುವಂತೆ ಕೂಗಿ, ಪಕ್ಕದಲ್ಲೇ ಮಲಗಿ ಗೊರಕೆ ಹೊಡೆಯುತ್ತಿದ್ದಳು. ಕೂಗದಿದ್ದರೆ ಬುಟ್ಟಿಯಲ್ಲಿ ಏನಿದೆಯೆಂದು ಕಳ್ಳರಿಗೆ ತಿಳಿಯುವುದಾದರೂ ಹೇಗೆ? ಮಕ್ಕಳು ತೆವಳಿಕೊಂಡು ಬರುತ್ತಿದ್ದವು. ಅವು ಬಾಯಿತುಂಬ ಅಗಿದು ನುಂಗಿದ ಮೇಲೆಯೇ ಅವಳಿಗೆ ಎಚ್ಚರವಾಗುತ್ತಿತ್ತು. ಚಪ್ಪಲಿ ಹಾರುತ್ತಿತ್ತು, ಪ್ರತಿ ಸಲವೂ ಗುರಿ ತಪ್ಪುತ್ತಿತ್ತು. ಮೂಲೆಯ ಅಂಗಡಿಯ ಪಾಕೀಟುಗಳ ಮೇಲೆ ಧೂಳು ಕೂತಿತು. ಶೈಲಶ್ರೀ ತುಂಬಿದ ಕೊಡ ಎತ್ತುವಂತಾದಳು.

"ನಿನ್ನ ಖರೇ ಗೊರಕಿ ಇದಕ್ಕಿಂತ ಕೆಟ್ಟದು," ಎಂದು ಬಾಬುಲಾಲ ಹೇಳುತ್ತಿದ್ದ. "ಆ ಹುಡುಗರು ನಂಬ್ಯಾರಲ್ಲ, ಅದ ದೊಡ್ಡ ಮಾತು."

ಇದನ್ನೆಲ್ಲ ಹಾಳುಮಾಡಿದವನು ಅವಳ ಮಗ ಸಲ್ಮಾನ. ಮೊಬೈಲ್ ಅಂಗಡಿಯವನು, ತಾಯಿಯ ಮೇಲೆ ಬಹಳ ಪ್ರೀತಿ. ಆ ಪ್ರೀತಿಗೆ ತಕ್ಕಷ್ಟು ಬುದ್ಧಿ ಮಾತ್ರ ಇರಲಿಲ್ಲ. ದಿನಾ ಕಳವಾಗುತ್ತಿದೆಯೆಂಬ ಬೊಬ್ಬೆ ಕೇಳಿ ಕೇಳಿ, ತಾಯಿ ಪೇಟೆಗೆ ಹೋದಾಗ ಬಾಗಿಲ ಮೇಲೆ ಒಂದು ಕ್ಯಾಮೆರಾ ಕೂಡಿಸಿದ. ಸಂಜೆ ಕಳ್ಳರ ಮೆರವಣಿಗೆ ಅಂಗಡಿಯ ದೊಡ್ಡ ಪರದೆಯ ಮೇಲೆ ಓಡಿತು. ಎಲ್ಲರಿಗಿಂತ ಮುಂದೆ ಎರಡೂ ಕೈಯಲ್ಲಿ ತತ್ತಿ ಹಿಡಿದ ಶೈಲಶ್ರೀ.

ಸುದ್ದಿ ಖಾನಾವಳಿಗೆ ಮುಟ್ಟಿತು. ಇಂದುಬಾಯಿ ಹಿಟ್ಟಿನ ಕೈಯಲ್ಲೇ ಓಡಿ ಬಂದು ಮಗಳ ಬೆನ್ನಿಗೆ ನಾಲ್ಕು ಬಿಟ್ಟಳು. ಆಮೇಲೆ ಅವಳನ್ನು ಎಳೆದುಕೊಂಡು ಕಟ್ಟೆಯ ಮುಂದೆ ನಿಂತಳು. ಕೈಯಲ್ಲಿ ಒಂದು ಬಟ್ಟಲು, ಬಟ್ಟಲ ತುಂಬ ಸಕ್ಕರೆ.

"ತಗೊಳ್ರಿ ಅಕ್ಕಾರ. ಕಳ್ಳಿನ್ನ ಹಡದೇನಿ, ತಪ್ಪಾತು."

"ಏ ಇಂದೂ, ಕೂಸಿಗೆ ಯಾಕ ಹೊಡೀತಿ? ಎರಡ ತತ್ತಿ..."

"ನಾ ಬಡವಿ ಇರಬಹುದ್ರಿ. ನನ್ನ ಮಗಳು ಕಳ್ಳಿ ಅನಿಸಿಕೊಳ್ಳೂದು ಬ್ಯಾಡ."

ಬಟ್ಟಲು ಕಟ್ಟೆಯ ಮೇಲೆ ಉಳಿಯಿತು. ಮರುದಿನದಿಂದ ಇಂದುಬಾಯಿ ಕೆಲಸಕ್ಕೆ ಹೋಗುವಾಗ ಮಗಳನ್ನು ಒಳಗಿಟ್ಟು ಚಿಲಕ ಹಾಕತೊಡಗಿದಳು. ಉಳಿದ ಮಕ್ಕಳೂ ಕ್ಯಾಮೆರಾಕ್ಕೆ ಹೆದರಿ ಬುಟ್ಟಿಯ ಕಡೆ ಸುಳಿಯಲಿಲ್ಲ. ಮೂಲೆಯ ಅಂಗಡಿಯವನು ಪಾಕೀಟುಗಳ ಧೂಳು ಒರೆಸಿದ. ಎದುರಿನ ಕಿಟಕಿಯಲ್ಲಿ ಶೈಲಶ್ರೀಯ ಮುಖ ದಿನದಿನಕ್ಕೆ ಚೂಪಾಗುತ್ತಿತ್ತು.

"ಕ್ಯಾಮೆರಾ ತಗೀಲೇನಮ್ಮಾ?" ಸಲ್ಮಾನ ತಲೆ ಕೆರೆದುಕೊಂಡ.

"ಈಗ ತಗದು ಏನು ಮಾಡ್ತಿ? ಇರಲಿ. ಎದುರುಮನಿ ಗಿಡದ ಕಡೆ ತಿರುವು."

ಎದುರುಮನೆಯ ಅಂಗಳದಲ್ಲಿ ಒಂದು ನುಗ್ಗೆಗಿಡವಿತ್ತು. ಇಂದುಬಾಯಿ ಮನೆಯಲ್ಲಿದ್ದ ರವಿವಾರ, ಹಾಡುಹಗಲಿನಲ್ಲಿ, ಅಖ್ತರಬೇಗಂ ಸೆರಗು ಸಿಕ್ಕಿಸಿಕೊಂಡು ಗಲ್ಲಿ ದಾಟಿದಳು. ಕಳ್ಳಹೆಜ್ಜೆ ಇಡಬೇಕೆಂಬ ಆಸೆಯಿತ್ತು. ಆದರೆ ಮೊಣಕಾಲು ಲಟಲಟ ಎಂದು ಇಡೀ ಓಣಿಗೆ ಸುದ್ದಿ ಸಾರಿದವು. ಗೋಡೆ ಹಿಡಿದು ಏರಿ, ಟೊಂಗೆ ಜಗ್ಗಿ, ಕಾಯಿ ಸೊಪ್ಪು ಎಲ್ಲ ಕಿತ್ತು ಉಡಿ ತುಂಬಿಕೊಂಡಳು. ಇಳಿಯಲು ಬರಲಿಲ್ಲ.

ಸಪ್ಪಳ ಕೇಳಿ ಇಂದುಬಾಯಿ ಹೊರಗೆ ಬಂದಳು.

"ಅಕ್ಕಾರ! ಏನ ಮಾಡಾಕತ್ತೀರಿ?"

"ಕಾಣಂಗಿಲ್ಲೇನು? ಕಳವು."

"ನುಗ್ಗಿಕಾಯಿ ಕೇಳಿದ್ರ ನಾ ಕೊಡ್ತಿದ್ದಿಲ್ಲೇನ್ರಿ?"

"ಕೇಳಿ ತಗೊಂಡ್ರ ಬಟ್ಟಲ ತುಂಬಿ ತಿರುಗಿ ಕೊಡಬೇಕಾಗ್ತೈತಿ, ಇಂದೂ. ಕದ್ದದ್ದಕ್ಕ ಬಟ್ಟಲ ಇಲ್ಲ. ಕೂಸಿಗೂ ಅಷ್ಟ, ನನಗೂ ಅಷ್ಟ. ಸಲ್ಮಾನಾ! ಇದನ್ನೂ ಅಂಗಡ್ಯಾಗ ತೋರಸು! ಇಬ್ಬರು ಕಳ್ಳರು ಅಂತ ಬೋರ್ಡ್ ಹಚ್ಚು!"

ಇಂದುಬಾಯಿ ಗಿಡದ ಕೆಳಗೆ ಬಂದಳು. ಕಿಟಕಿಯಲ್ಲಿದ್ದ ಮಗಳನ್ನು ನೋಡಿದಳು, ಗೋಡೆಯ ಮೇಲೆ ಸಿಕ್ಕಿಕೊಂಡಿದ್ದ ಮುದುಕಿಯನ್ನು ನೋಡಿದಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ಅಖ್ತರಬೇಗಂಳ ಕಾಲಿನ ಕೆಳಗೆ ಒಂದು ಕೊಡ ಬೋರಲು ಹಾಕಿದಳು.

"ಇಳೀರಿ. ಮುಂದಿನ ಸರ್ತಿ ಕದಿಯೂ ಮುಂದ ಕೋಲ ತರ್ರಿ. ಎಳೀ ಕಾಯಿ ಮ್ಯಾಲಿನ ಟೊಂಗಿಗೆ ಅದಾವ."

ಸೋಮವಾರ ಅವಳು ಚಿಲಕ ಹಾಕದೆ ಖಾನಾವಳಿಗೆ ಹೋದಳು. ಮಧ್ಯಾಹ್ನ ಅಖ್ತರಬೇಗಂ ಬುಟ್ಟಿ ಇಟ್ಟು, ಗಲ್ಲಿಯನ್ನೆಲ್ಲ ಬೈದು, ಕಣ್ಣು ಮುಚ್ಚಿ ಗೊರಕೆ ಆರಂಭಿಸಿದಳು. ಕಿವಿಯ ಹತ್ತಿರ ತತ್ತಿಯ ಸಿಪ್ಪೆ ಬಿಚ್ಚುವ ಸಪ್ಪಳವಾಯಿತು.

"ಬೂಬವ್ವ," ಎಂದು ಪಿಸುದನಿ ಕೇಳಿತು, "ಉಪ್ಪು ಹಾಕಿಲ್ಲ."

"ಬುಟ್ಟಿ ತಳದಾಗ ಪುಡಿಕಿ ಐತಿ ನೋಡ, ಕಳ್ಳೀ," ಎಂದು ಅಖ್ತರಬೇಗಂ ಕಣ್ಣು ತೆರೆಯದೆ ಹೇಳಿ, ನಿಂತಿದ್ದ ಗೊರಕೆಯನ್ನು ಅಲ್ಲಿಂದಲೇ ಮುಂದುವರಿಸಿದಳು.