ಬೇರೆ ಕಂಬದ ಪಿನ್ನು

ಬಂದರಿನಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ಮರಕೋತಿ ಎಂದೇ. ಹಾಯಿದೋಣಿಗಳ ಕಂಬ ಹತ್ತಿ, ಸವೆದ ರಾಟೆ, ಕೊಂಡಿ, ಪಿನ್ನು ಬದಲಿಸುವುದು ಅವನ ಕಸುಬು. ಮದುವೆ ಯಾಕಾಗಲಿಲ್ಲ ಎಂದು ಕೇಳಿದವರಿಗೆ, ನೆಲದ ಮೇಲೆ ನಿಂತರಲ್ಲವೇ ಹೆಣ್ಣು ನೋಡುವುದು ಎನ್ನುತ್ತಿದ್ದ. ಬಿಚ್ಚಿದ ಹಳೆಯ ಸಾಮಾನನ್ನು, ಬದಲಿಸಿದ್ದಕ್ಕೆ ಸಾಕ್ಷಿಯಾಗಿ, ದೋಣಿಯ ಯಜಮಾನನ ಅಂಗೈಗೆ ಹಾಕುವುದು ಆ ಕಸುಬಿನ ಮರ್ಯಾದೆ. ಹಾಕದವರನ್ನು ಅವನು ಬಾಯಿಗೆ ಬಂದಂತೆ ಬೈಯುತ್ತಿದ್ದ.

ಅಂಥವನು ಈ ಸಲ ಭಾವನ ದೋಣಿಯ ಕಂಬ ಹತ್ತಿ ಅರ್ಧಕ್ಕೇ ನಿಂತ. ಹಿಂದಿನ ವರ್ಷ ಒಮ್ಮೆ ಕಾಲು ಜಾರಿ ಹಗ್ಗದಲ್ಲಿ ನೇತಾಡಿದ್ದ; ಅಂದಿನಿಂದ ಕೆಳಗೆ ನೋಡಿದರೆ ಕಂಬವನ್ನು ತಬ್ಬಿಕೊಂಡುಬಿಡುತ್ತಿದ್ದ. ಮರಕೋತಿಗೆ ಮರ ಕಂಡರೆ ಭಯ ಎಂದು ಯಾರಿಗಾದರೂ ಹೇಳುವುದು ಹೇಗೆ? ಕೈಗೆಟುಕಿದ್ದನ್ನೆಲ್ಲ ಹೊಸದು ಮಾಡಿದ. ಕಂಬ ಬೀಳದಂತೆ ಎಳೆದು ಹಿಡಿಯುವ ಮುಂದಿನ ತಂತಿಯ ಪಿನ್ನು ಮಾತ್ರ ತುತ್ತತುದಿಯಲ್ಲಿ ಹಾಗೇ ಉಳಿಯಿತು. ಕೆಳಗಿಳಿದವನು ತನ್ನ ಡಬ್ಬಿಯಲ್ಲಿ ಬಿದ್ದಿದ್ದ ಇನ್ನಾವುದೋ ದೋಣಿಯ ಸವೆದ ಪಿನ್ನನ್ನು ಭಾವನ ಅಂಗೈಗೆ ಹಾಕಿದ.

ಭಾವ ಒಳ್ಳೆಯ ಮನುಷ್ಯ, ಕಷ್ಟವಾದದ್ದೇ ಅದು. ಪಿನ್ನನ್ನು ಜೇಬಿನಲ್ಲಿಟ್ಟುಕೊಂಡು ಕ್ಷೌರದಂಗಡಿಯಿಂದ ಹಿಡಿದು ಸಿಕ್ಕಸಿಕ್ಕಲ್ಲೆಲ್ಲ ತೋರಿಸಿದರು. ನಮ್ಮ ಬಾಮೈದ ನೋಡದಿದ್ದರೆ ಮನೆಮಂದಿಯೆಲ್ಲ ನೀರುಪಾಲಾಗುತ್ತಿದ್ದೆವು ಎಂದರು. ಕೇಳಿದಾಗಲೆಲ್ಲ ಇವನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸುತ್ತಿತ್ತು. ಯಾರಾದರೂ ಸುಮ್ಮನೆ ಕಂಬದತ್ತ ಕತ್ತೆತ್ತಿದರೂ ಸಾಕು, ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದ. ಅಕ್ಕ ಊಟಕ್ಕೆ ಕರೆದರೆ ಹೊಟ್ಟೆ ಸರಿಯಿಲ್ಲ ಎಂದು ತಪ್ಪಿಸಿಕೊಂಡ.

ಭಾನುವಾರ ಬೆಳಿಗ್ಗೆ ಅಕ್ಕ, ಭಾವ, ಅವರ ಮಗಳು ದೋಣಿ ಹತ್ತಿದರು. ಗಾಳಿ ಜೋರಾಗಿತ್ತು. ದಡಕ್ಕೆ ಕಟ್ಟಿದ್ದ ಹಗ್ಗ ಬಿಚ್ಚಿಕೊಡು ಎಂದು ಅಕ್ಕ ಇವನಿಗೇ ಹೇಳಿದಳು. ಗಂಟಿನ ಮೇಲೆ ಕೈಯಿಟ್ಟ, ಬಿಚ್ಚಲಾಗಲಿಲ್ಲ.

"ಭಾವ, ನಾನು ಕೊಟ್ಟಿದ್ದು ಈ ಕಂಬದ ಪಿನ್ನಲ್ಲ. ಇದರದ್ದು ಇನ್ನೂ ಮೇಲೇ ಇದೆ. ನಂಗೆ ಹತ್ತೋಕಾಗ್ಲಿಲ್ಲ, ಭಯ ಆಯ್ತು."

ದಡದಲ್ಲಿದ್ದವರಿಗೂ ಕೇಳಿಸಿತು. ಭಾವನ ಮುಖ ಕೆಂಪಾಯಿತು. ಅಕ್ಕ ತಲೆ ತಗ್ಗಿಸಿದಳು. ಬೈದಿದ್ದರೆ ಇವನು ಹೇಗೋ ತಡೆದುಕೊಳ್ಳುತ್ತಿದ್ದ. ಅಕ್ಕನ ಮಗಳು ಇವನ ಕೈಕೆಳಗೇ ಕೆಲಸ ಕಲಿತವಳು. ಅವಳು ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು, ಕಂಬದ ತುದಿಯ ರಾಟೆಯಿಂದ ಇಳಿದಿದ್ದ ಹಗ್ಗದ ಒಂದು ತುದಿಯನ್ನು ಅದಕ್ಕೆ ಕಟ್ಟಿ, ಇನ್ನೊಂದು ತುದಿಯನ್ನು ಇವನ ಮುಂದೆ ಹಿಡಿದಳು.

"ನಾನು ಹತ್ತೀನಿ. ಹಗ್ಗ ನೀನೇ ಹಿಡ್ಕೋ ಮಾವ. ಬೇರೆಯವರು ಹಿಡಿದ್ರೆ ನಾನು ಹತ್ತಲ್ಲ."

ಹಿಡಿದ. ಎಲ್ಲರೂ ಮೇಲೆ ನೋಡುತ್ತಿದ್ದಾಗ ಅವನು ತನ್ನ ಕೈಗಳನ್ನೇ ನೋಡುತ್ತ ನಿಂತಿದ್ದ.

ಹೊಸ ಪಿನ್ನು ಕೂರಿಸಿ ಇಳಿದವಳು ಹಳೆಯದನ್ನು ಅಪ್ಪನ ಅಂಗೈಗೆ ಹಾಕಿದಳು. ಅದರ ನಡು ಸವೆದು ಕಡ್ಡಿಯಷ್ಟಾಗಿತ್ತು. ಭಾವ ಅದನ್ನು ತಿರುಗಿಸಿ ನೋಡಿದರು. ಜೇಬಿನಿಂದ ಇವನು ಕೊಟ್ಟಿದ್ದ ಪಿನ್ನನ್ನು ತೆಗೆದು ಇವನ ಡಬ್ಬಿಗೆ ಹಾಕಿ, ಮಗಳು ಕೊಟ್ಟದ್ದನ್ನು ಜೇಬಿಗಿಳಿಸಿದರು. ಇದನ್ನು ಮಾತ್ರ ಯಾರಿಗೂ ತೋರಿಸಲಿಲ್ಲ.