ದೆವ್ವಕ್ಕೆ ಹೋಗಿ ಬಾ ಎಂದವಳು

ಅಗ್ಗದ ದೆವ್ವದ ಸಿನಿಮಾಗಳಲ್ಲಿ ನನ್ನಂಥವನು ಮಧ್ಯಂತರಕ್ಕೆ ಮೊದಲೇ ಸಾಯುತ್ತಾನೆ. ಕಾಲೇಜು ತಪ್ಪಿಸಿ ಹುಬ್ಬಳ್ಳಿಯ ಟಾಕೀಜಿನಲ್ಲಿ ಮ್ಯಾಟಿನಿ ನೋಡುತ್ತಿದ್ದ ದಿನಗಳಲ್ಲೇ ಇದನ್ನು ಕಲಿತೆ. ಹಾಳು ಬಂಗಲೆಗೆ ಹೊರಟ ಗುಂಪಿನಲ್ಲಿ ಸೊಂಟ ಬಳುಕಿಸುವ ಹುಡುಗನೊಬ್ಬ ಇದ್ದೇ ಇರುತ್ತಿದ್ದ. ಗುಲಾಬಿ ಅಂಗಿ, ಕೀರಲು ದನಿ, ಹೆದರಿದಾಗಲೆಲ್ಲ ಹೀರೋನ ತೋಳು ಹಿಡಿಯುವ ಚಟ. ಅವನು ಬಚ್ಚಲಿಗೆ ಒಬ್ಬನೇ ಹೋದನೆಂದರೆ ಮುಗಿಯಿತು. ಅವನು ಕಿರುಚಿದಾಗ ಟಾಕೀಜಿಗೆ ಟಾಕೀಜೇ ಸಿಳ್ಳೆ ಹೊಡೆದು ನಗುತ್ತಿತ್ತು. ನಾನೂ ನಗುತ್ತಿದ್ದೆ, ಎಲ್ಲರಿಗಿಂತ ಜೋರಾಗಿ. ಪಕ್ಕದವನಿಗೆ ಅನುಮಾನ ಬರಬಾರದಲ್ಲ!

ಆದರೂ ನೋಡುವುದನ್ನು ಬಿಡಲಿಲ್ಲ. ಬೇರೆ ಸಿನಿಮಾಗಳಲ್ಲಿ ನಾನು ಇರುತ್ತಲೇ ಇರಲಿಲ್ಲ. ಇಲ್ಲಿ ಸಾಯುವುದಕ್ಕಾದರೂ ಕರೆಯುತ್ತಿದ್ದರು. ಇನ್ನು ದೆವ್ವದ ಮೇಲಂತೂ ನನಗೆ ಮೊದಲಿನಿಂದಲೂ ಪ್ರೀತಿ. ತನಗೆ ಬೇಕಾದವರ ಮನೆಯೊಳಗೇ ಇದ್ದು ಯಾರ ಕಣ್ಣಿಗೂ ಬೀಳದಂತೆ ಓಡಾಡುವುದು ಎಂಥ ಕಷ್ಟದ ಕೆಲಸ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

ಹೋದ ವರ್ಷ, ಧಾರವಾಡದ ಹತ್ತಿರದ ಬೇಲೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಯಲ್ಲಿ ನನ್ನ ಪಾಳಿಯವನೊಬ್ಬನಿಗೆ ಡೈರೆಕ್ಟರ್ ಆಗುವ ಹುಚ್ಚು ಹಿಡಿಯಿತು. "ದೆವ್ವದ ಪಿಚ್ಚರ್ ಮಾಡೂಣು, ಮಾತು ನೀ ಬರಿ" ಎಂದ. ಬರೆದೆ. ಇಬ್ಬರು ಹುಡುಗರು ಒಬ್ಬರನ್ನೊಬ್ಬರು ಪ್ರೀತಿಸುತ್ತಾರೆ. ಒಬ್ಬ ಬಾವಿಗೆ ಬಿದ್ದು ಸಾಯುತ್ತಾನೆ, ದೆವ್ವವಾಗಿ ಇನ್ನೊಬ್ಬನ ಮನೆ ಬಾಗಿಲಿಗೆ ಬರುತ್ತಾನೆ. ಕೊನೆಗೆ ಬದುಕಿರುವವನ ತಾಯಿ ಅವನನ್ನು ಒಳಗೆ ಕರೆಯುತ್ತಾಳೆ. ನನ್ನ ಸಿನಿಮಾದಲ್ಲಾದರೂ ನಮ್ಮವನಿಗೆ ಒಂದು ಮನೆ ಸಿಗಲಿ ಎಂಬ ಆಸೆ ನನ್ನದು.

ದೆವ್ವದ ಪಾತ್ರಕ್ಕೆ ಅಮ್ಮಿನಬಾವಿ ಊರಿನ ಹುಡುಗ ಒಪ್ಪಿದ. ಆರು ವರ್ಷಗಳಿಂದ ಅವನು ನನ್ನವನು. ಅವ್ವನ ಪಾಲಿಗೆ ಮಾತ್ರ ಬರೀ ಗೆಳೆಯ, ಭಾನುವಾರ ಊಟಕ್ಕೆ ಬರುವ, ಬದನೆಕಾಯಿ ಎಣಗಾಯಿ ಎಂದರೆ ಎರಡು ರೊಟ್ಟಿ ಹೆಚ್ಚು ತಿನ್ನುವ ಹುಡುಗ. ಊರಿನಲ್ಲಿದ್ದ ಅವನ ಹಳೆಯ ಮನೆಯಲ್ಲೇ ಶೂಟಿಂಗ್. ಹಗಲಿನಲ್ಲಿ ಕಿಟಕಿಗಳಿಗೆ ತಾಡಪತ್ರಿ ಕಟ್ಟಿ ರಾತ್ರಿ ಮಾಡಿಕೊಳ್ಳುತ್ತಿದ್ದೆವು. ನಟನೆ ಬಾರದವರನ್ನು ಬೆನ್ನ ಕಡೆಯಿಂದ ತೆಗೆಯುತ್ತಿದ್ದೆವು, ಮಾತು ಆಮೇಲೆ ಕೂಡಿಸಿದರಾಯಿತು ಎಂದು. ನಟನೆ ಯಾರಿಗೂ ಬರುತ್ತಿರಲಿಲ್ಲವಾದ್ದರಿಂದ ಅರ್ಧ ಸಿನಿಮಾ ಬೆನ್ನುಗಳದ್ದೇ ಆಯಿತು.

ಸಿನಿಮಾ ಮಾಡಿಸುತ್ತಿದ್ದವರು ಹತ್ತಿ ವ್ಯಾಪಾರದ ಸಾವ್ಕಾರರು. ತೆಗೆದದ್ದನ್ನೆಲ್ಲ ನೋಡಿ ಗದ್ದ ತುರಿಸಿಕೊಂಡರು. "ಗಂಡಸಿಗೆ ಗಂಡಸು ಅಂದ್ರ ಮಂದಿ ಏನಂತಾರ? ದೆವ್ವಕ್ಕ ಹೆಣ್ಣಿನ ದನಿ ಹಾಕ್ರಿ. ಹೆಂಗೂ ಚಾದರ ಹೊದ್ದ ಬೆನ್ನ ಕಾಣತೈತಿ, ಯಾರಿಗೆ ಗೊತ್ತಾಕ್ಕೈತಿ? ಕಡೀಕ ಆ ತಾಯಿ ದೆವ್ವಾನ ಓಡಸಲಿ." ಡೈರೆಕ್ಟರ್ ಗೋಣು ಹಾಕಿದ. ನನಗೆ ಮೈಯೆಲ್ಲ ಉರಿಯಿತು.

ಆ ಸಿಟ್ಟನ್ನು ಹೊತ್ತುಕೊಂಡೇ ಉಣಕಲ್ ಕೆರೆಯ ದಂಡೆಯಲ್ಲಿ ಅಮ್ಮಿನಬಾವಿಯವನ ಮುಂದೆ ಕೂತು ಸಾವ್ಕಾರರನ್ನು ಬೈದೆ. ಅವನು ಚಹಾ ಮುಗಿಸಿ ಲೋಟ ಕೆಳಗಿಟ್ಟ.

"ಅವರ ಮ್ಯಾಲೆ ಯಾಕ ಸಿಟ್ಟು? ನಿಮ್ಮ ಮನ್ಯಾಗೂ ಅದ ನಡದೈತಿ. ನನ್ನ ಜಾಗಾದಾಗ ಒಂದು ಹುಡುಗೀನ ತಂದು ಕುಂದರಸಾಕತ್ತಾರ. ನೀ ಬಾಯಿ ಮುಚಗೊಂಡು ಕುಂತಿ" ಎಂದ.

ಮಾತು ಖರೆಯೇ. ಧಾರವಾಡದಲ್ಲಿ ಒಂದು ಹುಡುಗಿಯನ್ನು ನೋಡಲು ಅವ್ವ ದಿನ ಗೊತ್ತು ಮಾಡಿಬಿಟ್ಟಿದ್ದಳು, ನಾನು ಹೂಂ ಅಂದಿರಲಿಲ್ಲ, ಊಹೂಂ ಅಂದಿರಲೂ ಇಲ್ಲ. "ನಿಮ್ಮವ್ವಗ ನೀ ಹೇಳೂತನಕ ನಾ ನಿಮ್ಮ ಮನಿಗೆ ಬರಂಗಿಲ್ಲ. ನೀ ಆ ಹುಡುಗೀನ ನೋಡಿ ಬಂದ್ರ, ಆಮ್ಯಾಲೆ ಎಂದೂ ಬರಂಗಿಲ್ಲ" ಎಂದು ಎದ್ದು ಹೋದ. ಎರಡು ಭಾನುವಾರ ಅವನು ಬರಲಿಲ್ಲ. ಮೂರನೆಯ ಭಾನುವಾರವೇ ಹುಡುಗಿ ನೋಡುವುದಿತ್ತು.

ಅದಕ್ಕೆ ಎರಡು ದಿನ ಮೊದಲು, ಶುಕ್ರವಾರ, ಡಬ್ಬಿಂಗ್ ಇಟ್ಟುಕೊಂಡೆವು. ಉಣಕಲ್‌ನಲ್ಲಿ ಡೈರೆಕ್ಟರನ ಮನೆಯ ಮಾಳಿಗೆಯ ಕೋಣೆಯೇ ನಮ್ಮ ಸ್ಟುಡಿಯೋ. ದನಿ ಮಾರ್ದನಿಸಬಾರದೆಂದು ಗೋಡೆ ತುಂಬ ಹಳೆ ಸೀರೆಗಳ ದಪ್ಪ ಕೌದಿ ತೂಗುಹಾಕಿದ್ದೆವು. ಹೊಲಿದವಳು ಅವ್ವ. ಹುಡುಗರು ಮೊಳೆ ಹೊಡೆದು ಎಲ್ಲಿ ಹರಿದುಬಿಡುತ್ತಾರೋ ಎಂದು ಕಾವಲಿಗೆ ತಾನೂ ಬಂದು ಮೂಲೆಯಲ್ಲಿ ಕೂತಿದ್ದಳು. ಸಿನಿಮಾದ ತಾಯಿಯ ಮಾತು ಹೇಳಬೇಕಾದ ಹೆಣ್ಣುಮಗಳಿಗೆ ಅವತ್ತೇ ಗಂಟಲು ಕಟ್ಟಬೇಕೆ! ಡೈರೆಕ್ಟರನ ಕಣ್ಣು ಅವ್ವನ ಮೇಲೆ ಬಿತ್ತು.

"ಅವ್ವಾರ, ಬಾಗಲದಾಗ ಒಬ್ಬಾಂವ ನಿಂತಾನಲ್ರಿ, ಅಂವಗ 'ನನ್ನ ಮಗನ್ನ ಬಿಟ್ಟು ಹೋಗು' ಅನ್ರಿ. ಒಂದ ಮಾತು. ಸಿಟ್ಟಿಲೆ ಅನ್ರಿ."

ಅವ್ವ ಸೆರಗು ಸರಿ ಮಾಡಿಕೊಂಡು ಮೈಕಿನ ಮುಂದೆ ನಿಂತಳು. ಪರದೆ ನೋಡಿ, ಗಂಟಲು ಸರಿಪಡಿಸಿಕೊಂಡು, "ನನ್ನ ಮಗನ್ನ ಬಿಟ್ಟು ಹೋಗಿ ಬಾರಪ್ಪಾ" ಎಂದಳು.

ಸಾವ್ಕಾರರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವ್ವನದೇನು ತಪ್ಪು? ನಮ್ಮ ಕಡೆ ಬಾಗಿಲಲ್ಲಿ ನಿಂತವರಿಗೆ ಬರೀ ಹೋಗು ಅನ್ನುವ ಪದ್ಧತಿ ಇಲ್ಲ, ಅದು ಅಪಶಕುನ. ಗ್ಯಾಸ್ ಸಿಲಿಂಡರ್ ತಂದವನಿಗೂ ಅವ್ವ ಹೋಗಿ ಬಾ ಎಂದೇ ಹೇಳಿ ಕಳಿಸುತ್ತಾಳೆ. ಎರಡನೆಯ ಸಲವೂ ಅದೇ ಆಯಿತು. ಮೂರನೆಯ ಸಲ ಬಹಳ ಎಚ್ಚರದಿಂದ "ಹೋಗು" ಎಂದಳು, ಒಂದು ಕ್ಷಣ ಬಿಟ್ಟು ತಡೆಯಲಾರದೆ "ಹುಷಾರಾಗಿ ಹೋಗಿ ಬಾ" ಎಂದು ಸೇರಿಸಿದಳು.

"ಅವ್ವಾರ, ಅದು ದೆವ್ವರೀ!" ಡೈರೆಕ್ಟರ್ ತಲೆ ಚಚ್ಚಿಕೊಂಡ. "ಹೋಗಿ ಬಾ ಅಂದ್ರ ಮತ್ತ ಬರತೈತಿ!"

ಅವ್ವ ಪರದೆಯ ಹತ್ತಿರ ಬಗ್ಗಿ ನೋಡಿದಳು. "ಯಾವ ದೆವ್ವೋ ಯಪ್ಪಾ? ನಮ್ಮ ಅಮ್ಮಿನಬಾವಿ ಹುಡುಗ ಅಲ್ಲೇನು ಇಂವ? ಭುಜ ಒಂದು ಕಡೆ ಇಳಿಬಿಟ್ಟು ಹಿಂಗ ನಿಂದರತಾನಲ್ಲ! ಅಂವಗ ಹೋಗು ಅಂತ ನನ್ನ ಬಾಯಿಲೆ ಹೆಂಗ ಬರಬೇಕು? ಅಂಥಾದ್ದೇನು ತಪ್ಪು ಮಾಡ್ಯಾನ ಅಂವ?"

ಡೈರೆಕ್ಟರ್ ನನ್ನ ಮುಖ ನೋಡಿದ. ಸಾವ್ಕಾರರು ಆರಿಸಿಟ್ಟಿದ್ದ ಫ್ಯಾನಿನ ಕಡೆ ನೋಡತೊಡಗಿದರು.

"ಅಂವ ಆ ಮನಿ ಮಗನ್ನ ಪ್ರೀತಿ ಮಾಡತಾನವ್ವ. ಆ ಮಗನೂ ಅಂವನ್ನ ಪ್ರೀತಿ ಮಾಡತಾನ. ಅದಕ್ಕ" ಎಂದೆ.

ಅವ್ವ ಮತ್ತೊಮ್ಮೆ ಪರದೆ ನೋಡಿದಳು. "ಸತ್ತ ಮ್ಯಾಲೂ ಬಾಗಲಿಗೆ ಬಂದು ನಿಂತಾನ ಅಂದ್ರ ಎಷ್ಟು ಜೀವ ಇರಬೇಕು! ನಾ ಅನ್ನಂಗಿಲ್ಲ ತಮ್ಮಾ. ಬೇಕಾದ್ರ ಬ್ಯಾರೇದವರನ್ನ ಕರಕೋ" ಎಂದು ಡೈರೆಕ್ಟರನಿಗೆ ಹೇಳಿ ಚಪ್ಪಲಿ ಹುಡುಕತೊಡಗಿದಳು.

"ಕುಂದರ್ರಿ ಅವ್ವಾರ. ನೀವು ಅಂದದ್ದ ಇರಲಿ" ಎಂದರು ಸಾವ್ಕಾರರು. ನಗು ಇನ್ನೂ ಮುಖದ ಮೇಲಿತ್ತು, ಆದರೆ ದನಿ ಬೇರೆಯಾಗಿತ್ತು. ನಾನು ಆ ಧೈರ್ಯದಲ್ಲೇ, "ಹಂಗಾರ ದೆವ್ವಕ್ಕ ಹೆಣ್ಣಿನ ದನಿ ಯಾಕ್ರಿ?" ಎಂದು ಕೇಳಿದೆ. "ನೋಡೂಣು ತಡಿಯಪಾ" ಎಂದರು. ಅವರು ನೋಡಿ ಒಪ್ಪುವುದಕ್ಕೆ ಮುಂದೆ ಹದಿನೈದು ದಿನ ಹಿಡಿಯಿತು, ಒಪ್ಪಿದರು ಎನ್ನುವುದು ದೊಡ್ಡದು.

ನನ್ನ ಪರೀಕ್ಷೆ ಮಾತ್ರ ಇನ್ನೂ ಬಾಕಿ ಇತ್ತು. ಅವ್ವ ಮರುಗಿದ್ದು ಪರದೆಯ ಮೇಲಿನ ದೆವ್ವಕ್ಕೆ. ಸಿನಿಮಾ ನೋಡಿ ಅಳುವವರೆಲ್ಲ ಮನೆಗೆ ಬಂದ ಮೇಲೂ ಹಾಗೇ ಇರುತ್ತಾರೆಂದು ಏನು ಖಾತ್ರಿ? ಮಾಳಿಗೆಯ ಮೆಟ್ಟಿಲು ಇಳಿಯುವಾಗ ನಡುವೆಯೇ ಅವ್ವನನ್ನು ನಿಲ್ಲಿಸಿದೆ. ಯಾವ ದೆವ್ವಕ್ಕೂ ಜನ್ಮದಲ್ಲಿ ಅಷ್ಟು ಹೆದರಿದವನಲ್ಲ ನಾನು.

"ಅವ್ವಾ, ಅದು ಬರೇ ಪಿಚ್ಚರ್ ಅಲ್ಲ. ಆ ಮನಿ ಮಗ ನಾನ."

ಅವ್ವ ಗೋಡೆ ಹಿಡಿದು ನಿಂತಳು. "ಎಷ್ಟು ದಿನಾ ಆತು?" ಎಂದಳು.

"ಆರು ವರ್ಷ."

"ಆರು ವರ್ಷ ಅಂವಗ ರೊಟ್ಟಿ ಬಡದು ಹಾಕೇನಿ. ಒಂದು ದಿನಾ ನಿನಗ ಹೇಳಬೇಕನಸಲಿಲ್ಲೇನು?" ನನ್ನ ತೋಳಿಗೆ ಒಂದು ಏಟು ಕೊಟ್ಟಳು, ಜೋರಾಗಿಯೇ. ಆಮೇಲೆ ಮೆಟ್ಟಿಲ ಮೇಲೆ ಕೂತು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನಾನೂ ಪಕ್ಕದಲ್ಲಿ ಕೂತು ಅತ್ತೆ, ಸಣ್ಣ ಮಗುವಿನ ಹಾಗೆ.

"ನನಗ ಇದು ತಿಳಿಯಂಗಿಲ್ಲ ನೋಡು. ತಿಳಿಯಾಕ ದಿನಾ ಹಿಡೀತಾವು. ಅಂವಗ ಫೋನ್ ಹಚ್ಚು" ಎಂದಳು.

ಹಚ್ಚಿಕೊಟ್ಟೆ. "ಏನೋ, ಎರಡು ವಾರ ಆತು ಮನಿ ಕಡೆ ಹಾಯ್ದಿಲ್ಲ? ನಾಡದ ಭಾನುವಾರ ಊಟಕ್ಕ ಬಾ."

ಅತ್ತ ಕಡೆ ಅವನು ತಡೆದು ತಡೆದು ಹೇಳಿದ್ದು ನನಗೂ ಕೇಳಿಸಿತು. "ಭಾನುವಾರ ನೀವು ಹುಡುಗಿ ನೋಡಾಕ ಹೋಗತೀರಂತಲ್ರಿ, ಅವ್ವಾ."

ಅವ್ವ ನನ್ನ ಮುಖವನ್ನೇ ನೋಡಿದಳು.

"ಆ ಮನಿಯವರಿಗೆ ಬರಂಗಿಲ್ಲ ಅಂತ ಈಗ ಹೇಳತಾನ. ಇಲ್ಲೇ ನನ್ನ ಬಾಜೂಕ ಕುಂತಾನ. ನೀ ಹಸಗೊಂಡು ಬಾ" ಎಂದಳು. ಫೋನನ್ನು ನನ್ನ ಕೈಗಿಟ್ಟು, "ಹೂಂ, ಹಚ್ಚು ಅವರಿಗೆ. ನಾ ಇಲ್ಲೇ ಇರತೇನಿ" ಎಂದಳು.