ಕ್ಯಾನು ತುಳುಕಿಸದ ಫೋರ್ಕು

ನನ್ನ ಮೈದುನ ಬಾಯಿ ತುಂಬ ಎಲೆಅಡಿಕೆ ಹಾಕಿಕೊಂಡೇ ಬೈಕು ಓಡಿಸುತ್ತಾನೆ. ಇಷ್ಟು ಹೇಳಿದರೆ ಅವನ ಹಿಂದೆ ಕೂತವರ ಪಾಡು ಗೊತ್ತಾಗಬೇಕು. ಬಲಕ್ಕೆ ಕತ್ತು ತಿರುಗಿಸಿ ಉಗುಳುತ್ತಾನೆ, ಗಾಳಿ ಅದನ್ನು ತಂದು ಹಿಂದೆ ಕೂತವರ ಕೆನ್ನೆಗೆ ಎರಚುತ್ತದೆ. ಒರೆಸಿಕೊಳ್ಳೋಣವೆಂದರೆ ನನ್ನ ಬಲಗೈ ಬ್ಯಾಂಡೇಜಿನಲ್ಲಿ, ಎಡಗೈಯಲ್ಲಿ ಹಾಲಿನ ಕ್ಯಾನು.

ನಮ್ಮ ಮನೆ ಹನಕೆರೆ ಕಡೆ, ಊರೊಳಗಲ್ಲ, ಗದ್ದೆಯ ನಡುವೆ. ಡೈರಿ ಇರುವುದು ಊರಲ್ಲಿ. ಎರಡು ಹೊತ್ತೂ ನಾಲೆ ಏರಿ ಮೇಲೆ ಹಾಲು ಒಯ್ಯಬೇಕು. ನಾನು ಮೊದಲಿಂದಲೂ ಸೈಕಲ್ಲಿನವಳು. ಮಳವಳ್ಳಿ ಕಡೆಯ ತವರಿನಲ್ಲಿ ಹೈಸ್ಕೂಲಿಗೆ ಹೋಗಿದ್ದೇ ಸೈಕಲ್ಲಲ್ಲಿ. ಕೊಟ್ಟಿಗೆಯಲ್ಲಿ ಸಗಣಿ ಮೇಲೆ ಜಾರಿ ಮಣಿಕಟ್ಟು ಮುರಿದಾಗ ಮಾತ್ರ ಮೈದುನನ ಬೈಕಿನ ಗತಿ ಬಂತು. ಒಂದು ಬೆಳಿಗ್ಗೆ ಡೈರಿ ಮುಂದೆ ಇಳಿದು ನೋಡುತ್ತೇನೆ, ಕ್ಯಾನಿನ ಮುಚ್ಚಳದ ಮೇಲೆ ಕೆಂಪು ಹನಿಗಳು. ಸೆರಗಲ್ಲಿ ಒರೆಸಿ ಹಾಲು ಸುರಿದು ಬಂದೆ. ಕೈ ಕೂಡಿದ ಮೇಲೆ ಸತ್ತರೂ ಆ ಸೀಟಿನ ಮೇಲೆ ಕೂರುವುದಿಲ್ಲ ಅಂದುಕೊಂಡೆ.

ಬ್ಯಾಂಡೇಜು ಬಿಚ್ಚಿದ ಡಾಕ್ಟರು, ಕೈಗೆ ಕುಲುಕಾಟ ಆಗಬಾರದು ಅಂದರು. ನನ್ನ ಗಂಡ ಮಂಡ್ಯದಿಂದ ಹೊಸ ಸೈಕಲ್ಲು ತಂದರು. ದಪ್ಪ ಟೈರು, ಗೇರಿಲ್ಲ, ಮುಂದಿನ ಚಕ್ರ ಹಿಡಿದಿರುವ ಫೋರ್ಕಿಗೆ ಎರಡು ಕಡೆಯೂ ಸ್ಪ್ರಿಂಗು.

"ಗುಡ್ಡ ಅತ್ತೋ ಸೈಕಲ್ಲು ಕಣಮ್ಮಿ ಇದು. ಕೈಗೆ ಏನೂ ಗೊತ್ತಾಗಕಿಲ್ಲ," ಅಂದರು.

"ಗುಡ್ಡ ಎಲ್ಲದೆ ಇಲ್ಲಿ?" ಅಂದೆ.

ನಮಗಿರುವ ಗುಡ್ಡವೆಂದರೆ ಗದ್ದೆಯಿಂದ ನಾಲೆ ಏರಿಗೆ ಹತ್ತುವ ದಾರಿಯೊಂದೇ. ಅಲ್ಲೇ ಆ ಸ್ಪ್ರಿಂಗಿನ ಬಣ್ಣ ಬಯಲಾಯಿತು. ಗೇರಿಲ್ಲದ ಸೈಕಲ್ಲನ್ನು ಎದ್ದು ನಿಂತೇ ತುಳಿಯಬೇಕು. ಒಂದೊಂದು ತುಳಿತಕ್ಕೂ ಮುಂಭಾಗ ಕುಸಿಯುತ್ತದೆ, ಏಳುತ್ತದೆ. ನನ್ನ ಅರ್ಧ ಶಕ್ತಿಯನ್ನು ಅದೇ ನುಂಗುತ್ತದೆ. ಹ್ಯಾಂಡಲ್ಲಿಗೆ ನೇತುಹಾಕಿದ ಕ್ಯಾನು ತೂಗಾಡಿ, ಮುಚ್ಚಳದ ಸಂದಿಯಿಂದ ಹಾಲು ತುಳುಕಿ ಫೋರ್ಕಿನ ಮೇಲೆ ಇಳಿಯುತ್ತದೆ. ದಿನಾ ಮೇಲೆ ಮೇಲೆ ತೊಳೆಯುತ್ತಿದ್ದೆ.

ಬೇಸಿಗೆ ಶುರುವಾದಾಗ ನಾತ ಶುರುವಾಯಿತು. ಮೊದಲು ಇಲಿ ಸತ್ತಿದೆ ಅಂದುಕೊಂಡು ಕೊಟ್ಟಿಗೆಯೆಲ್ಲ ಹುಡುಕಿದೆ. ಆಮೇಲೆ ಡೈರಿ ಸಾಲಿನಲ್ಲಿ ನನ್ನ ಹಿಂದೆ ನಿಂತ ಹೆಂಗಸು ಮೂಗಿಗೆ ಸೆರಗು ಹಿಡಿದಳು. ನಾನೇ ನಾರುತ್ತಿದ್ದೇನೆ ಅಂದುಕೊಂಡಿರಬೇಕು. ಮನೆಗೆ ಬಂದು ಸ್ಪ್ರಿಂಗಿನ ಮೇಲಿದ್ದ ರಬ್ಬರು ಚೀಲವನ್ನು ಎಳೆದು ನೋಡಿದೆ. ಒಳಗೆ ಹಳದಿ ಗಸಿ, ಸತ್ತ ನೊಣ, ಅದರಲ್ಲಿ ಮಿಜಿಮಿಜಿ ಅನ್ನುವ ಬಿಳಿ ಹುಳ. ಬೇಲಿ ಪಕ್ಕಕ್ಕೆ ಓಡಿ ಕಕ್ಕಿಕೊಂಡೆ.

ಮದ್ದೂರಿನ ಸೈಕಲ್ ಅಂಗಡಿಯವನು ತೊಳೆದುಕೊಟ್ಟ. ಹಾಲು ಬೀಳುತ್ತಿದ್ದರೆ ಮತ್ತೆ ಹೀಗೇ ಆಗುತ್ತದೆ, ಬೇಕಾದರೆ ಇದನ್ನು ಕಿತ್ತು ಸ್ಪ್ರಿಂಗಿಲ್ಲದ ಸಾದಾ ಫೋರ್ಕು ಹಾಕುತ್ತೇನೆ ಅಂದ. ಮನೆಯಲ್ಲಿ ಪಂಚಾಯ್ತಿ ಶುರುವಾಯಿತು. ಸಾದಾ ಹಾಕಿದರೆ ಕೈ ಹೋಗುತ್ತದೆ ಅಂದರು ಗಂಡ. ಅವರು ಬೆಳಿಗ್ಗೆ ರೈಲು ಹತ್ತಿದರೆ ಬರುವುದು ಕತ್ತಲಾದ ಮೇಲೆ. ಆ ಏರಿಯನ್ನು ಒಂದು ದಿನವೂ ತುಳಿದವರಲ್ಲ.

"ಸೈಕಲ್ ಸಾವಾಸ ಬುಡು ಅತ್ಗೆ. ನನ್ ಗಾಡೀಲೇ ಬಾ, ಕರ್ಕೊಂಡ್ ಓಯ್ತೀನಿ," ಅಂದ ಮೈದುನ. ಅಂದು, ನಮ್ಮ ಕನಕಾಂಬರ ಗಿಡದ ಬುಡಕ್ಕೆ ಉಗಿದ. ಅವನು ಕೆಟ್ಟವನಲ್ಲ. ಪ್ರೀತಿಯಿಂದಲೇ ಕರೆಯುತ್ತಾನೆ. ಅದಕ್ಕೇ ಬೈಯಲೂ ಆಗದೆ ಮೈಯೆಲ್ಲ ಉರಿಯುತ್ತದೆ.

ಮಾರನೇ ದಿನವೇ ಸಾದಾ ಫೋರ್ಕು ಹಾಕಿಸಿದೆ.

ಈಗ ತುಳಿದದ್ದೆಲ್ಲ ಚಕ್ರಕ್ಕೇ ಹೋಗುತ್ತಿತ್ತು. ಕ್ಯಾನು ಅಲುಗದೆ ನಿಲ್ಲುತ್ತಿತ್ತು. ಆದರೆ ಕಬ್ಬಿನ ಟ್ರ್ಯಾಕ್ಟರುಗಳು ಏರಿಯನ್ನು ಕೆಡಿಸಿ ಇಟ್ಟಿವೆ. ಒಂದೊಂದು ಕಲ್ಲೂ ನೇರ ನನ್ನ ಮಣಿಕಟ್ಟಿಗೆ ಬಡಿಯುತ್ತಿತ್ತು. ಮುದ್ದೆ ತಿರುವಲು ಕೋಲು ಹಿಡಿದರೆ ಕಣ್ಣಲ್ಲಿ ನೀರು. ನಾಲ್ಕು ದಿನ ಬರೀ ಅನ್ನ ಮಾಡಿದೆ. ಯಾಕೆ ಅಂತ ಗಂಡ ಕೇಳಿದ್ದಕ್ಕೆ, ಹಿಟ್ಟು ಮುಗಿದಿದೆ ಅಂತ ಸುಳ್ಳು ಹೇಳಿದೆ. ನಿಜ ಹೇಳಿದರೆ ಮತ್ತೆ ಆ ಸೀಟೇ ಗತಿ.

ನನ್ನನ್ನು ಉಳಿಸಿದ್ದು ಒಂದು ಜಾಲಿ ಮುಳ್ಳು. ಒಂದು ದಿನ ಅದು ಚುಚ್ಚಿ ಮುಂದಿನ ಟೈರಿನ ಗಾಳಿ ಮೆಲ್ಲಗೆ ಇಳಿಯುತ್ತಿತ್ತು, ನನಗೆ ತಿಳಿದಿರಲಿಲ್ಲ. ಆವತ್ತು ಮನೆ ಮುಟ್ಟಿದ ಮೇಲೆ ನೋಡಿದರೆ ಕೈ ನೋಯುತ್ತಲೇ ಇಲ್ಲ. ಗಾಳಿ ಇಳಿದು ಮೆತ್ತಗಾದ ದಪ್ಪ ಟೈರೇ ಕಲ್ಲನ್ನು ನುಂಗಿಕೊಂಡಿತ್ತು. ಪಂಕ್ಚರು ಹಾಕಿಸಿ, ಹೆಬ್ಬೆರಳಲ್ಲಿ ಒತ್ತಿದರೆ ಸ್ವಲ್ಪ ತಗ್ಗುವಷ್ಟೇ ಗಾಳಿ ಇಟ್ಟೆ. ಅದೇ ವಾರ ಮತ್ತೆ ಮುದ್ದೆ ತಿರುವಿದೆ.

ಹಾಗೇ ನಡೆಯುತ್ತಿತ್ತು. ಒಂದು ಸಂಜೆ ಹಾಲು ಸುರಿದು ಹೊರಗೆ ಬಂದರೆ ಮೈದುನ ನನ್ನ ಸೈಕಲ್ಲಿನ ಪಕ್ಕ ಪಂಪು ಹಿಡಿದು ಕೂತಿದ್ದಾನೆ. ಟೈರು ಕಲ್ಲಿನ ಹಾಗೆ ಬಿಗಿದುಕೊಂಡಿತ್ತು.

"ಗಾಳಿ ಕಮ್ಮಿ ಇತ್ತು ಅತ್ಗೆ, ಒಡ್ದಿವ್ನಿ," ಎಂದು ಹಲ್ಲುಗಳ ನಡುವೆ ಕಚ್ಚಿಕೊಂಡಿದ್ದ ವಾಲ್ವಿನ ಮುಚ್ಚಳವನ್ನು ತೆಗೆದು ನನ್ನ ಮುಂದೆ ಚಾಚಿದ. ಚಿಕ್ಕ ಕಪ್ಪು ಮುಚ್ಚಳ, ಕೆಂಪಗೆ ಒದ್ದೆಯಾಗಿ, ಒಂದು ಎಳೆ ಜೊಲ್ಲು ಅವನ ಬೆರಳಿಗೆ ಅಂಟಿಕೊಂಡಿತ್ತು.

ನಾನು ಕೈ ಚಾಚಲಿಲ್ಲ. ಕುಕ್ಕರಗಾಲಲ್ಲಿ ಕೂತು, ಅವನ ಎದುರೇ ವಾಲ್ವಿನ ಮೊಳೆಯನ್ನು ಉಗುರಿನಿಂದ ಒತ್ತಿದೆ. ಬೇಕಾದಷ್ಟು ಗಾಳಿ ಹೋಗುವವರೆಗೂ ಒತ್ತಿಕೊಂಡೇ ಇದ್ದೆ.

"ಇದು ಬ್ಯಾಡ್ವಾ?" ಅಂದ, ಮುಚ್ಚಳ ಹಿಡಿದುಕೊಂಡೇ.

"ನೀನೇ ಮಡಿಕೊಳಪ್ಪ," ಅಂದೆ.

ಆ ವಾಲ್ವಿಗೆ ಇವತ್ತಿಗೂ ಮುಚ್ಚಳವಿಲ್ಲ.